ಹೆಸರು ಹಿಡಿದು ಕರೆಯಬಾರದ ಹಾವು

2016ರ ಅಕ್ಟೋಬರಿನಲ್ಲಿ ಅಪ್ಪ ಸಿರುಗುಪ್ಪದಿಂದ ಬೆಳಗಿನ ಬಸ್ಸು ಹಿಡಿದು ಬಳ್ಳಾರಿಗೆ ಬಂದ. ನಾನಾಗ ಡಿಗ್ರಿ ಓದುತ್ತ ಹಾಸ್ಟೆಲಿನಲ್ಲಿದ್ದೆ. ನನ್ನ ಫೀಸು ಕಟ್ಟಲಿಕ್ಕೋ ಊಟ ಸರಿಯಾಗಿದೆಯೋ ಇಲ್ಲವೋ ನೋಡಲಿಕ್ಕೋ ಬಂದವನಲ್ಲ. ವಿಷ್ಣುವರ್ಧನ್ ಮತ್ತೆ ಬರುತ್ತಿದ್ದಾರೆ ಎಂದು ಬಂದವನು. ನೆಲ್ಲು ತೆನೆ ಕಟ್ಟುವ ದಿನಗಳು, ಕಾಲುವೆ ನೀರಿನ ಪಾಳಿ ಬೇರೆ ಇತ್ತು. ಪಾಳಿಯನ್ನು ಚಿಕ್ಕಪ್ಪನಿಗೆ ಒಪ್ಪಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಟಾಕೀಸಿನ ಮುಂದೆ ಕಟೌಟಿಗೆ ಹಾಲು ಸುರಿದು ನೆಲವೆಲ್ಲ ಅಂಟಂಟಾಗಿತ್ತು. ಅಪ್ಪ ಚಪ್ಪಲಿ ಬಿಟ್ಟು ಅದನ್ನು ದಾಟಿದ.

ಸಿನಿಮಾದ ಹೆಸರು 'ನಾಗರಹಾವು'. ಪುಟ್ಟಣ್ಣ ಕಣಗಾಲರ 1972ರ 'ನಾಗರಹಾವು' ಅಲ್ಲ. ಅದರ ಹೆಸರನ್ನಷ್ಟೇ ತೆಗೆದುಕೊಂಡು ಕೋಡಿ ರಾಮಕೃಷ್ಣ ಮಾಡಿದ ಗ್ರಾಫಿಕ್ಸ್ ಸಿನಿಮಾ. 2009ರ ಡಿಸೆಂಬರ್ 30ರಂದು ತೀರಿಕೊಂಡ ನಟನನ್ನು ಕಂಪ್ಯೂಟರಿನಲ್ಲಿ ಮತ್ತೆ ಹುಟ್ಟಿಸಿದ್ದೇವೆ ಎಂಬುದೇ ಅದರ ದೊಡ್ಡ ಪ್ರಚಾರ. ಕೊನೆಯ ಭಾಗದಲ್ಲಿ ಆ ಮುಖ ತೆರೆಯ ಮೇಲೆ ಬಂದಾಗ ಟಾಕೀಸು ಎದ್ದು ನಿಂತಿತು. ನಾನೂ ಸಿಳ್ಳೆ ಹಾಕಿದೆ, ಸುಳ್ಳು ಹೇಳುವುದಿಲ್ಲ. ಅಪ್ಪ ಮಾತ್ರ ಕೂತೇ ಇದ್ದ. ಸಾಯಂಕಾಲ ಬಸ್ ಸ್ಟ್ಯಾಂಡಿನಲ್ಲಿ ಚಾ ಕುಡಿಯುವಾಗ ಒಂದೇ ಮಾತು ಹೇಳಿದ: "ಪಾಪ, ಮಲಗಿದ್ದವರನ್ನ ಯಾಕ ಎಬ್ಬಿಸಿದರಪ್ಪ ಇವರು."

ಈ ಮಾತನ್ನು ನಾನು ಮರೆತೇಬಿಟ್ಟಿದ್ದೆ. ಕಳೆದ ತಿಂಗಳು ನೆನಪಾಯಿತು. ತುಂಗಭದ್ರೆಯ ದಂಡೆಯ ಊರುಗಳ ನಾಗಕಥೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಒಂದು ಅಧ್ಯಾಯ ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತಿತ್ತು. ಅದೇ ಬೇಸರದಲ್ಲಿ ಕೂತಿದ್ದಾಗ ರೂಮಿನ ಗೆಳೆಯ ಲ್ಯಾಪ್‌ಟಾಪು ತಂದು, "ನಿನ್ನ ಸಬ್ಜೆಕ್ಟೇ ಐತಿ ನೋಡು, ಕೊರಿಯಾದ್ದು" ಎಂದು ಒಂದು ಸಿನಿಮಾ ಹಾಕಿದ. 2007ರ 'ಡಿ-ವಾರ್', ನಿರ್ದೇಶಕ ಶಿಮ್ ಹ್ಯುಂಗ್-ರೇ. ತೊಂಬತ್ತು ನಿಮಿಷ ಕೂತು ನೋಡಿದೆವು. ಮುಗಿಯುವ ಹೊತ್ತಿಗೆ ಗೆಳೆಯ ನಿದ್ದೆ ಹೋಗಿದ್ದ. ನನಗೆ ನಿದ್ದೆ ಬರಲಿಲ್ಲ. ಬಳ್ಳಾರಿಯ ಟಾಕೀಸಿನಲ್ಲಿ ಒಂಬತ್ತು ವರ್ಷ ಮುಂಚಿನವನಾದ ಇದೇ ನಾನು ನೋಡಿದ ಸೋಲು ಇಲ್ಲೂ ಇತ್ತು. ಎರಡೂ ಸಿನಿಮಾಗಳು ತಮ್ಮ ತಮ್ಮ ನಾಡಿನ ಹಾವಿನ ನಂಬಿಕೆಯನ್ನು ಎತ್ತಿಕೊಂಡು, ಹಾವನ್ನು ದೊಡ್ಡದು ಮಾಡಿ, ನಂಬಿಕೆಯನ್ನು ಮಾತ್ರ ಊರಲ್ಲೇ ಬಿಟ್ಟು ಬಂದಿದ್ದವು.

'ಡಿ-ವಾರ್' ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಕೊರಿಯಾದ ಜನಪದರಲ್ಲಿ ಇಮುಗಿ ಎಂಬ ದೊಡ್ಡ ಹಾವಿದೆ. ಅದು ಇನ್ನೂ ಡ್ರ್ಯಾಗನ್ ಆಗಿಲ್ಲ, ಆಗಬೇಕೆಂದು ನೀರಿನಲ್ಲಿ ಸಾವಿರ ವರ್ಷ ಕಾಯುತ್ತದೆ. ಯೆಓಯಿಜು ಎಂಬ ಮಣಿ ಸಿಕ್ಕರೆ ಮೇಲಕ್ಕೇರಿ ಡ್ರ್ಯಾಗನ್ ಆಗುತ್ತದೆ. ಸಿನಿಮಾದಲ್ಲಿ ಐನೂರು ವರ್ಷಕ್ಕೊಮ್ಮೆ ಈ ಮಣಿ ಒಬ್ಬ ಹುಡುಗಿಯ ಮೈಯೊಳಗೆ ಹುಟ್ಟುತ್ತದೆ. ಅವಳಿಗೆ ಇಪ್ಪತ್ತು ತುಂಬಿದಾಗ ಅವಳನ್ನು ಒಳ್ಳೆಯ ಇಮುಗಿಗೆ ಒಪ್ಪಿಸಬೇಕು. ಬುರಾಕಿ ಎಂಬ ಕೆಟ್ಟ ಇಮುಗಿ ತನ್ನ ಸೈನ್ಯದೊಂದಿಗೆ ಅವಳ ಬೆನ್ನು ಹತ್ತಿದೆ. 1507ರಲ್ಲಿ ನಾರಿನ್ ಎಂಬ ಹುಡುಗಿ, ಅವಳನ್ನು ಕಾಯಲು ನೇಮಕವಾದ ಹರಾಮ್ ಎಂಬ ಹುಡುಗ ಪರಸ್ಪರ ಪ್ರೀತಿಸಿ, ಯಾರಿಗೂ ಸಿಗದೆ ಬಂಡೆಯ ತುದಿಯಿಂದ ಹಾರಿಕೊಳ್ಳುತ್ತಾರೆ. ಐನೂರು ವರ್ಷದ ನಂತರ ಇಬ್ಬರೂ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಸಾರಾ, ಈಥನ್ ಆಗಿ ಹುಟ್ಟಿದ್ದಾರೆ. ಬುರಾಕಿ ಅಲ್ಲಿಗೂ ಬರುತ್ತದೆ. ಕಾರುಗಳು ಹಾರುತ್ತವೆ, ಹೆಲಿಕಾಪ್ಟರುಗಳು ಬೀಳುತ್ತವೆ, ಗಗನಚುಂಬಿ ಕಟ್ಟಡವೊಂದಕ್ಕೆ ಹಾವು ಬಳ್ಳಿಯ ಹಾಗೆ ಸುತ್ತಿಕೊಳ್ಳುತ್ತದೆ.

ಆ ಕಟ್ಟಡದ ದೃಶ್ಯ ನಿಜಕ್ಕೂ ಚೆನ್ನಾಗಿದೆ. ಕಣ್ಣು ಅಲ್ಲೇ ನಿಲ್ಲುತ್ತದೆ. ಆದರೆ ನಾನು ನಿಂತದ್ದು ಅದಕ್ಕೂ ಮೊದಲು, ಆ ಹುಡುಗಿಯ ಲೆಕ್ಕಾಚಾರದ ಹತ್ತಿರ. ಕೆಟ್ಟ ಹಾವಿಗೆ ಸಿಕ್ಕರೆ ಅವಳು ಸಾಯುತ್ತಾಳೆ. ಒಳ್ಳೆಯ ಹಾವಿಗೆ ಒಪ್ಪಿಸಿದರೂ ಸಾಯುತ್ತಾಳೆ! ಅಂದಮೇಲೆ ಅವಳ ಪಾಲಿಗೆ ಒಳ್ಳೆಯ ಹಾವು ಯಾವುದು? ನಮ್ಮ ಓದುಗರಿಗೆ ತಕ್ಷಣ 'ಕೆರೆಗೆ ಹಾರ' ನೆನಪಾಗಿರಬೇಕು. ಕೆರೆಗೆ ನೀರು ಬರಲೆಂದು ಕಿರಿಸೊಸೆ ಭಾಗೀರಥಿಯನ್ನು ಕೊಡುವ ಮನೆಯವರು ಯಾರೂ ರಾಕ್ಷಸರಲ್ಲ. ಮಾವ, ಅತ್ತೆ, ನೆಗೆಣ್ಣಿಯರು, ತವರಿನವರು ಎಲ್ಲರೂ ದಿನಾ ನಾವು ಕಾಣುವ ಜನರೇ. ಆ ಹಾಡಿನ ಭಯ ಇರುವುದು ಅವರ ಸಾಧಾರಣ ಮಾತುಗಳಲ್ಲಿ. ಊರಿನ ಒಳಿತು ಒಂದು ಹೆಣ್ಣಿನ ಸಾವಿನ ಆಚೆ ಇದೆ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿರುತ್ತಾರೆ. ಸುದ್ದಿ ತಿಳಿದು ಬಂದ ಗಂಡನೂ ಅದೇ ಕೆರೆಗೆ ಹಾರುತ್ತಾನೆ. ನಾರಿನ್ ಮತ್ತು ಹರಾಮ್ ಹಾರಿದ ಬಂಡೆಗೂ ಈ ಕೆರೆಯ ಏರಿಗೂ ಎಷ್ಟೂ ದೂರವಿಲ್ಲ.

ಶಿಮ್ ಅವರ ಕೈಯಲ್ಲಿ ಈ ಕಥೆ ಇತ್ತು. ಅವರು ಅದನ್ನು ಹೇಳಲಿಲ್ಲ. ಒಳ್ಳೆಯ ಇಮುಗಿ ಇಡೀ ಸಿನಿಮಾದಲ್ಲಿ ಎಲ್ಲಿತ್ತೋ ಗೊತ್ತಿಲ್ಲ, ಕೊನೆಯ ಹತ್ತು ನಿಮಿಷಕ್ಕೆ ಬಂದು ಹಾಜರಾಗುತ್ತದೆ. ಸಾರಾ ತನ್ನನ್ನು ತಾನೇ ಒಪ್ಪಿಸಿಕೊಳ್ಳುತ್ತಾಳೆ. ಯಾಕೆ ಒಪ್ಪಿಸಿಕೊಂಡಳು, ಅಲ್ಲಿಯವರೆಗೆ ಓಡುತ್ತಿದ್ದವಳು ಯಾವ ಗಳಿಗೆಯಲ್ಲಿ ನಿಂತಳು ಎಂಬುದಕ್ಕೆ ಒಂದು ದೃಶ್ಯವೂ ಇಲ್ಲ. ಕುತ್ತಿಗೆಗೆ ಬಂದಾಗ ದೇವರು ಕೆಳಗಿಳಿದು ಎಲ್ಲ ಸರಿಮಾಡುವ ಹಳೇ ನಾಟಕಗಳ ಉಪಾಯ ಇದು. ಕೊರಿಯಾದ ವಿಮರ್ಶಕ ಚಿನ್ ಜುಂಗ್-ಕ್ವನ್ 2007ರಲ್ಲೇ ಟಿವಿ ಚರ್ಚೆಯೊಂದರಲ್ಲಿ ಇದೇ ಆಕ್ಷೇಪ ಎತ್ತಿ, ಜನರ ದೊಡ್ಡ ಸಿಟ್ಟಿಗೆ ಗುರಿಯಾದರು. ಸಿಟ್ಟಿಗೆ ಕಾರಣ ಕಥೆಯಲ್ಲ. ಕೊರಿಯಾದ ತಂತ್ರಜ್ಞಾನ ಹಾಲಿವುಡ್ಡಿಗೆ ಸವಾಲು ಹಾಕುತ್ತಿದೆ, ಇಂಥ ಹೊತ್ತಿನಲ್ಲಿ ನೀನು ತಪ್ಪು ಹುಡುಕುತ್ತೀಯಾ ಎಂಬುದು. ಕೊರಿಯಾದಲ್ಲಿ ತೋರಿಸಿದ ಪ್ರತಿಯ ಕೊನೆಗೆ ಅವರ ನಾಡಹಾಡಿನಂಥ 'ಆರಿರಾಂಗ್' ಮೊಳಗುತ್ತದೆ, ನಿರ್ದೇಶಕ ತನ್ನ ಕಷ್ಟದ ಹಾದಿಯನ್ನು ತಾನೇ ಬರೆದು ತೋರಿಸುತ್ತಾನೆ. ಹಾಸ್ಯನಟನಾಗಿದ್ದವನು, 1999ರಲ್ಲಿ 'ಯೋಂಗಾರಿ' ಮಾಡಿದವನು, ಛಲ ಬಿಡದವನು. 80 ಲಕ್ಷಕ್ಕೂ ಹೆಚ್ಚು ಜನ ಟಿಕೆಟ್ಟು ಕೊಂಡರು. ಅಮೆರಿಕದಲ್ಲಿ 2,200ಕ್ಕೂ ಹೆಚ್ಚು ಪರದೆಗಳಲ್ಲಿ ಬಿಡುಗಡೆಯಾಯಿತು. ಅಲ್ಲಿಯವರು ನಕ್ಕರು.

ಇನ್ನು ಇಮುಗಿಯ ಬಗ್ಗೆ ಓದುವಾಗ ಸಿಕ್ಕ ಒಂದು ಸಂಗತಿ. ಸಿನಿಮಾದಲ್ಲಿ ಇದು ಇಲ್ಲ. ಕೊರಿಯಾದ ಹಲವು ಜನಪದ ಕಥೆಗಳಲ್ಲಿ ಇಮುಗಿ ಸಾವಿರ ವರ್ಷ ಕಾದು ಮೇಲಕ್ಕೇರುವ ಗಳಿಗೆಯಲ್ಲಿ ಯಾರಾದರೂ ಮನುಷ್ಯರು ಅದನ್ನು ನೋಡಿಬಿಡುತ್ತಾರೆ. ನೋಡಿದವರು "ಅಗೋ ಡ್ರ್ಯಾಗನ್" ಎಂದರೆ ಅದು ಡ್ರ್ಯಾಗನ್ ಆಗುತ್ತದೆ. "ಅಯ್ಯೋ ಹಾವು" ಎಂದರೆ ಅಲ್ಲಿಂದಲೇ ಕೆಳಗೆ ಬೀಳುತ್ತದೆ. ಸಾವಿರ ವರ್ಷದ ತಪಸ್ಸು ದಾರಿಹೋಕ ಮುದುಕಿಯ ಬಾಯಲ್ಲಿರುವ ಒಂದು ಮಾತಿನ ಮೇಲೆ ನಿಂತಿದೆ.

ಇದನ್ನು ಓದಿದಾಗ ನನಗೆ ಕೊರಿಯಾ ದೂರ ಅನ್ನಿಸಲಿಲ್ಲ. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಹಾವು ಎನ್ನುವಂತಿಲ್ಲ. ಅಜ್ಜಿ ಬಾಯಿ ಮುಚ್ಚಿಸುತ್ತಿದ್ದಳು. ಹುಳ ಎನ್ನಬೇಕು. ಕಚ್ಚಿತು ಎನ್ನುವುದೂ ತಪ್ಪು. "ಹುಳ ಮುಟ್ಟೈತಿ" ಎನ್ನಬೇಕು. ಆಂಧ್ರದ ಕಡೆಯಿಂದ ನಾಟಿಗೆ ಬರುವ ಹೆಂಗಸರೂ ತೆಲುಗಿನಲ್ಲಿ ಹೀಗೇ ಹೇಳುತ್ತಾರೆ, ಪುರುಗು ಮುಟ್ಟಿತು ಎಂದು. ಸಿರುಗುಪ್ಪದ ಸುತ್ತ ನೆಲ್ಲಿನ ಗದ್ದೆಗಳಲ್ಲಿ ಇಲಿ ಬಹಳ, ಇಲಿ ಇದ್ದಲ್ಲಿ ಹಾವು. ಕತ್ತಲಲ್ಲಿ ನೀರು ಕಟ್ಟಲು ಹೋಗುವವರಿಗೆ ಇದು ಕಥೆಯಲ್ಲ, ದಿನದ ಕೆಲಸ. ಹೆಸರು ಹಿಡಿದು ಕರೆದರೆ ಬರುತ್ತದೆ, ಬೈದರೆ ಸೇಡು ಇಟ್ಟುಕೊಳ್ಳುತ್ತದೆ, ಹಾಗಾಗಿ ಮಾತಿನಲ್ಲಿ ಒಂದು ಮರ್ಯಾದೆ ಇಟ್ಟುಕೊಳ್ಳಬೇಕು ಎಂದು ನಂಬಿದವರು ಅವರು. ಒಮ್ಮೆ ಪಂಪ್‌ಸೆಟ್ಟಿನ ಗೂಡಿನ ಹತ್ತಿರ ನಾಗರ ಹೆಡೆ ಎತ್ತಿ ನಿಂತಿತ್ತು. ಎರಡು ಮೊಳವೂ ಇದ್ದಿರಲಿಕ್ಕಿಲ್ಲ. ಅಪ್ಪ ಸಲಿಕೆ ಕೆಳಗಿಟ್ಟು, "ಹೋಗಪ್ಪ, ನಿನ್ನ ಪಾಡಿಗೆ ನೀನು ಹೋಗು, ನಮ್ಮ ಪಾಡಿಗೆ ನಾವದೀವಿ" ಎಂದ. ಹಾವಿಗೆ ಕಿವಿ ಕೇಳುತ್ತದೋ ಇಲ್ಲವೋ ಎಂಬ ವಿಜ್ಞಾನದ ಪಾಠ ನನಗೂ ಗೊತ್ತಿತ್ತು. ಆದರೂ ನಾನು ಅಪ್ಪನ ಹಿಂದೆ ಉಸಿರು ಹಿಡಿದು ನಿಂತಿದ್ದೆ. ಅಂಥ ಭಯವನ್ನು ಯಾವ ಟಾಕೀಸೂ ನನಗೆ ಕೊಟ್ಟಿಲ್ಲ.

ಪಂಚಮಿ ಹಬ್ಬದಲ್ಲಿ ಹಾಲು ಎರೆಯುವಾಗ ನಮ್ಮಲ್ಲಿ ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಮನೆಯವರ ಹೆಸರೆಲ್ಲ ಹೇಳುತ್ತ ಎರೆಯುತ್ತಾರೆ. ಊರಿಗೆ ಹೋದ ಮಗನ ಪಾಲೂ ಬಿಡುವುದಿಲ್ಲ. ಬಳ್ಳಾರಿ ಸೀಮೆಯ ಮಕ್ಕಳಿಗೆ ಇದರಲ್ಲೊಂದು ತಮಾಷೆ ಇದೆ. ತೆಲುಗಿನಲ್ಲಿ ಪಾಲು ಎಂದರೆ ಹಾಲು. ಪಾಲು ಎಂದರೆ ಭಾಗವೂ ಹೌದು. ಎರಡು ಭಾಷೆಯ ನಡುವೆ ಬೆಳೆದ ನನಗೆ ಅಜ್ಜಿ ಹಾಲು ಎರೆಯುತ್ತಿದ್ದಾಳೋ ಲೆಕ್ಕ ತೀರಿಸುತ್ತಿದ್ದಾಳೋ ಬಹಳ ದಿನ ಗೊತ್ತಾಗಿರಲಿಲ್ಲ. ಈಗ ಸಂಶೋಧನೆಯ ಭಾಷೆಯಲ್ಲಿ ಹೇಳಬೇಕೆಂದರೆ ಇದೊಂದು ಕರಾರು. ಮನುಷ್ಯ ತನ್ನ ಮಾತು ಉಳಿಸಿಕೊಳ್ಳಬೇಕು, ಹಾವು ತನ್ನ ಮಾತು ಉಳಿಸಿಕೊಳ್ಳುತ್ತದೆ. ಕಥೆ ಹುಟ್ಟುವುದು ಯಾರಾದರೂ ಮಾತು ತಪ್ಪಿದಾಗ.

ಈಗ 2016ರ 'ನಾಗರಹಾವು' ನೋಡೋಣ. ಗ್ರಹಣದ ಹೊತ್ತಿಗೆ ದೇವತೆಗಳ ಬಲ ಕುಂದುತ್ತದೆ. ಅದಕ್ಕಾಗಿ ತಮ್ಮ ಶಕ್ತಿಯನ್ನೆಲ್ಲ ಒಂದು ಕಲಶದಲ್ಲಿ ತುಂಬಿಡುತ್ತಾರೆ. ಅದನ್ನು ಕಾಯುವ ಹೊಣೆ ನಾಗಕುಲದ್ದು. ದುಷ್ಟರ ಕಣ್ಣು ಕಲಶದ ಮೇಲೆ. ಕಾಯುವ ನಾಗಕನ್ಯೆ ಮಾನಸಾ ಆಗಿ ಮತ್ತೆ ಹುಟ್ಟಿ ಬರುತ್ತಾಳೆ, ಪಾತ್ರ ರಮ್ಯಾ ಅವರದು. ಈ ಕಾಲದ ಭಾಗದಲ್ಲಿ ಆ ಕಲಶ ಸಂಗೀತ ಸ್ಪರ್ಧೆಯೊಂದರ ಬಹುಮಾನವಾಗುತ್ತದೆ, ನಾಯಕ ದಿಗಂತ್ ಸಂಗೀತಗಾರ. ಬರೆಯುತ್ತ ಬರೆಯುತ್ತ ನನಗೇ ನಗು ಬರುತ್ತಿದೆ. ದೇವತೆಗಳ ಶಕ್ತಿ ಕಪ್ಪು-ಶೀಲ್ಡಿನ ಹಾಗೆ ವೇದಿಕೆಯ ಮೇಲೆ ಕೂತಿದೆ!

ಹಾಸ್ಯ ಬಿಡಿ, ಈ ಕಥೆಯಲ್ಲೂ ಒಂದು ಕರಾರು ಇತ್ತು. ದೇವರುಗಳೇ ಬಲಹೀನರಾಗುವ ಒಂದು ಹೊತ್ತಿದೆ, ಆಗ ಅವರನ್ನು ಹಾವು ಕಾಯಬೇಕು ಎಂಬುದು ಎಷ್ಟು ಒಳ್ಳೆಯ ಕಲ್ಪನೆ. ಗ್ರಹಣದ ದಿನ ಊಟ ಮಾಡದೆ, ನೀರಿನ ಕೊಡಕ್ಕೆ ದರ್ಭೆ ಹಾಕಿಟ್ಟು ಕೂರುವ ನಮ್ಮ ಮನೆಗಳಿಗೆ ಈ ಭಯ ತಿಳಿದದ್ದೇ. ಆದರೆ ಸಿನಿಮಾ ಗ್ರಹಣವನ್ನು ಆಕಾಶದ ಗ್ರಾಫಿಕ್ಸಿಗೆ ಮಾತ್ರ ಬಳಸಿಕೊಂಡಿತು. ಕಾಯುವವಳಿಗೆ ಕಾಯುವುದರಿಂದ ಏನು ಕಳೆದುಹೋಗುತ್ತದೆ? ಅವಳು ಮನುಷ್ಯರ ಮನೆಯೊಳಗೆ ಬಂದು ಕೂತಾಗ ಆ ಮನೆಯವರು ಏನು ಮಾತು ತಪ್ಪಿದರು? ಇದಾವುದೂ ಇಲ್ಲ. ಅವಳಿಗೆ ಸಿಟ್ಟು ಬಂದಾಗ ಕಣ್ಣಿನ ಬಣ್ಣ ಬದಲಾಗುತ್ತದೆ, ಹಾವಾಗುತ್ತಾಳೆ, ಸುತ್ತಿ ಎಸೆಯುತ್ತಾಳೆ. ಹಾವು ಎಸೆದವರು ಬಿದ್ದಾಗ ಧೂಳೇಳುತ್ತದೆ, ಹಾವು ಹರಿದಾಗ ಮಾತ್ರ ನೆಲಕ್ಕೆ ತಾಗಿದಂತೆ ಕಾಣುವುದಿಲ್ಲ. ಅಷ್ಟು ದೊಡ್ಡ ಮೈಗೆ ತೂಕವೇ ಇಲ್ಲ.

ಕೋಡಿ ರಾಮಕೃಷ್ಣರಿಗೆ ಇದು ತಿಳಿಯದ ವಿಷಯ ಎಂದು ನಾನು ಒಪ್ಪುವುದಿಲ್ಲ. ಬಳ್ಳಾರಿಯಲ್ಲಿ ಬೆಳೆದವರಿಗೆ ತೆಲುಗು ಸಿನಿಮಾ ಪರಭಾಷೆಯದಲ್ಲ. 'ಅಮ್ಮೋರು' (1995), 'ದೇವಿ' (1999), 'ಅರುಂಧತಿ' (2009) ನಮ್ಮ ಮನೆಗಳ ಹೆಂಗಸರು ಮತ್ತೆ ಮತ್ತೆ ನೋಡಿದ ಸಿನಿಮಾಗಳು. 'ಅಮ್ಮೋರು' ನೋಡಿ ನಾನು ಎರಡು ರಾತ್ರಿ ಅವ್ವನ ಸೆರಗು ಹಿಡಿದು ಮಲಗಿದ್ದೆ. ಅದರ ಗ್ರಾಫಿಕ್ಸು ಇವತ್ತು ನೋಡಿದರೆ ಮಕ್ಕಳ ಆಟದ ಹಾಗಿದೆ. ಹೆದರಿಸಿದ್ದು ಗ್ರಾಫಿಕ್ಸಲ್ಲ, ದೇವಿ ಒಬ್ಬ ಕೆಲಸದ ಹುಡುಗಿಯಾಗಿ ಮನೆಯೊಳಗೇ ಓಡಾಡುತ್ತಿದ್ದದ್ದು. ಕಸ ಗುಡಿಸುವ ಹುಡುಗಿಗೆ ಯಾರೋ ಗದರಿದರೆ ನಮ್ಮ ಎದೆ ಧಸಕ್ಕೆನ್ನುತ್ತಿತ್ತು. ಯಾರಿಗೆ ಗದರುತ್ತಿದ್ದೇವೆ ಎಂದು ಅವರಿಗೆ ಗೊತ್ತಿಲ್ಲ, ನಮಗೆ ಗೊತ್ತು. ಇಪ್ಪತ್ತು ವರ್ಷದ ನಂತರ ಅದೇ ನಿರ್ದೇಶಕರ ಕೈಗೆ ಎಷ್ಟೋ ಪಟ್ಟು ಒಳ್ಳೆಯ ಉಪಕರಣಗಳು ಬಂದವು, ಆ ಮನೆ ಕಾಣೆಯಾಯಿತು. ಅವರು ನಿರ್ದೇಶಿಸಿದ ಸಿನಿಮಾಗಳಲ್ಲಿ ಬಿಡುಗಡೆಯಾದ ಕೊನೆಯದು ಇದೇ; 2019ರ ಫೆಬ್ರವರಿಯಲ್ಲಿ ತೀರಿಕೊಂಡರು. ನಮ್ಮ ಬಾಲ್ಯವನ್ನು ಹೆದರಿಸಿದ ಮನುಷ್ಯನ ಕೊನೆಯ ಸಿನಿಮಾ ಯಾರನ್ನೂ ಹೆದರಿಸಲಿಲ್ಲ ಎಂಬುದು ನನಗೆ ಈಗಲೂ ಸಂಕಟ.

ತಂತ್ರಜ್ಞರನ್ನು ದೂರುವಂತೆಯೂ ಇಲ್ಲ. 'ನಾಗರಹಾವು'ಗೆ ಗ್ರಾಫಿಕ್ಸ್ ಮಾಡಿದ ಮಕುಟ ಸಂಸ್ಥೆಯೇ 2012ರಲ್ಲಿ ರಾಜಮೌಳಿಯವರ 'ಈಗ' ಮಾಡಿತ್ತು. ನೊಣ. ಒಂದಿಂಚೂ ಇಲ್ಲ. ಆ ನೊಣ ಸುದೀಪರ ನಿದ್ದೆ ಕೆಡಿಸಿದ್ದನ್ನು ಬಳ್ಳಾರಿಯ ಟಾಕೀಸುಗಳಲ್ಲಿ ಜನ ಕೇಕೆ ಹಾಕಿ ನೋಡಿದರು. ಯಾಕೆಂದರೆ ಆ ನೊಣ ಯಾರು, ಅದಕ್ಕೆ ಏನು ಅನ್ಯಾಯವಾಗಿದೆ, ಅದು ಯಾವ ಹುಡುಗಿಯನ್ನು ನೆನಪಿಟ್ಟುಕೊಂಡಿದೆ ಎಂಬುದೆಲ್ಲ ನಮಗೆ ಗೊತ್ತಿತ್ತು. ಅದೇ ಕೈಗಳು, ನಾಲ್ಕು ವರ್ಷದ ಅಂತರ.

ವಿಷ್ಣುವರ್ಧನ್ ಅವರ ಪ್ರಶ್ನೆ ಬೇರೆ, ಇನ್ನೂ ನಾಜೂಕಿನದು. ಬೇರೊಬ್ಬರ ಮೈಗೆ ಅವರ ಮುಖವನ್ನು ಕೂಡಿಸಿದ್ದರು. ಮುಖ ಹೋಲುತ್ತಿತ್ತು. ಆದರೆ ನಟನ ಮುಖ ಬರೀ ಹೋಲಿಕೆಯೇ? ಪುಟ್ಟಣ್ಣನವರ ಸಿನಿಮಾದಲ್ಲಿ ನಿಜವಾದ ಹಾವಿಗೆ ಕಥೆಯಲ್ಲಿ ಅಂಥ ಕೆಲಸವೇ ಇಲ್ಲ. ತ.ರಾ.ಸು. ಅವರ ಕಾದಂಬರಿಗಳಿಂದ ಬಂದ ರಾಮಾಚಾರಿಯೇ ಅಲ್ಲಿ ನಾಗರಹಾವು. ಚಿತ್ರದುರ್ಗದ ಬಂಡೆಗಳ ನಡುವೆ ಆ ಹುಡುಗ ಕತ್ತು ಹೊರಳಿಸಿ ನೋಡಿದರೆ ಹೆಡೆ ಬಿಚ್ಚಿದಂತಾಗುತ್ತಿತ್ತು. ಅವನ ರೋಷಕ್ಕೆ ಚಾಮಯ್ಯ ಮೇಷ್ಟರ ಮಾತೊಂದೇ ಪುಂಗಿ. ಆ ಪುಂಗಿಯೂ ಒಮ್ಮೆ ತಪ್ಪು ರಾಗ ನುಡಿಸಿತು, ಶಿಷ್ಯನ ಬಾಳು ಹಾಳಾಯಿತು. ನಾನು ಹೇಳುತ್ತಿರುವ ಮಾತಿನ ಕರಾರು ಇದಕ್ಕಿಂತ ಚೆನ್ನಾಗಿ ಕನ್ನಡ ಪರದೆಯ ಮೇಲೆ ಬಂದಿಲ್ಲ. 1972ರಲ್ಲಿ ಮನುಷ್ಯನೊಳಗೆ ಹಾವಿತ್ತು. 2016ರಲ್ಲಿ ಹಾವಿನೊಳಗೆ ಮನುಷ್ಯನನ್ನು ಹುಡುಕಿದರೂ ಸಿಗಲಿಲ್ಲ. ಆ ಮುಖಕ್ಕೆ ಮಾಡಲು ಹೊಡೆದಾಟ ಬಿಟ್ಟು ಬೇರೆ ಕೆಲಸ ಕೊಟ್ಟಿರಲಿಲ್ಲ. 'ಡಿ-ವಾರ್'ನ ಕೊನೆಗೆ ಬಂದ ಒಳ್ಳೆಯ ಇಮುಗಿಯ ಹಾಗೆ ವಿಷ್ಣು ಬಂದರು, ಗೆದ್ದರು, ಹೋದರು.

ಕೊರಿಯಾದಲ್ಲಿ ದೇಶಾಭಿಮಾನ ಮಾಡಿದ ಕೆಲಸವನ್ನು ಇಲ್ಲಿ ಅಭಿಮಾನವೇ ಮಾಡಿತು. ಹಾಸ್ಟೆಲಿನಲ್ಲಿ ಸಿನಿಮಾ ಸುಮಾರಾಗಿದೆ ಎಂದವನನ್ನು ನಾವೇ ನಾಲ್ಕು ಜನ ಸೇರಿ ಬೈದಿದ್ದೆವು. ಸತ್ತವರ ಮೇಲಿನ ಪ್ರೀತಿಯನ್ನು ಮುಂದಿಟ್ಟುಕೊಂಡು ಬಂದ ಸಿನಿಮಾವನ್ನು ಟೀಕಿಸುವುದು ಹೇಗೆ? ಕನ್ನಡದಲ್ಲೂ ಇಂಥ ಗ್ರಾಫಿಕ್ಸ್ ಸಾಧ್ಯ ಎಂಬ ಹೆಮ್ಮೆ ಬೇರೆ. ಆ ಹೆಮ್ಮೆಯಲ್ಲಿ ನಾನೂ ಪಾಲುದಾರ, ಸಿಳ್ಳೆ ಹಾಕಿದ್ದೇನೆ. ಆದರೆ ಅವತ್ತು ಆ ಟಾಕೀಸಿನಲ್ಲಿ ನಿಜವಾದ ವಿಮರ್ಶೆ ಮಾಡಿದವನು ಏಳದೆ ಕೂತಿದ್ದ ಅಪ್ಪ.

ಗೆಳೆಯ ನಿದ್ದೆಯಿಂದೆದ್ದು ಇದನ್ನೆಲ್ಲ ಕೇಳಿ, "ಲೇ, ನಿನಗೆ ಎಲ್ಲಾ ಸಿನಿಮಾನೂ ನಾಗಮಂಡಲ ಆಗಬೇಕು. ಮಕ್ಕಳು ನೋಡೋ ಸಿನಿಮಾಕ್ಕ ಇಷ್ಟು ತಲಿ ಯಾಕ ಕೆಡಿಸ್ಕೋತಿ?" ಎಂದ. ಅವನ ಮಾತಿನಲ್ಲಿ ಅರ್ಧ ಸತ್ಯ ಇದೆ. 'ಡಿ-ವಾರ್'ನ ಕೊನೆಯಲ್ಲಿ ಇಮುಗಿ ಡ್ರ್ಯಾಗನ್ ಆಗಿ ಮೋಡದೊಳಕ್ಕೆ ಏರುವ ದೃಶ್ಯವನ್ನು ನಾನು ಎರಡು ಸಲ ಹಿಂದಕ್ಕೆ ಹಾಕಿ ನೋಡಿದೆ. ಬರೀ ಕಣ್ಣಿಗಾಗಿ ಮಾಡಿದ್ದನ್ನು ಕಣ್ಣಿನಿಂದ ನೋಡಿ ಸುಖಪಡುವುದರಲ್ಲಿ ತಪ್ಪಿಲ್ಲ. ಆದರೆ 'ನಾಗಮಂಡಲ'ವೂ ಒಂದು ಕಾಲಕ್ಕೆ ಮನೆಯೊಳಗೆ ಹೇಳುವ ಕಥೆಯೇ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಗಿರೀಶ ಕಾರ್ನಾಡರು ನಾಟಕ ಮಾಡಿದರು, 1997ರಲ್ಲಿ ನಾಗಾಭರಣರು ಸಿನಿಮಾ ಮಾಡಿದರು. ಹುತ್ತದೊಳಗೆ ಕೈ ಹಾಕಿ, ಹಾವು ಹಿಡಿದು ರಾಣಿ ಪ್ರಮಾಣ ಮಾಡುವಾಗ ಅವಳಾಡುವ ಮಾತು ನಿಜವೂ ಹೌದು, ಅವಳಿಗೇ ತಿಳಿಯದ ಇನ್ನೊಂದು ನಿಜವೂ ಅದರೊಳಗಿದೆ. ಹಾವು ಸುಮ್ಮನೆ ಅವಳ ಹೆಗಲೇರುತ್ತದೆ. ಹಾವಿನ ಅಳತೆ ಎಷ್ಟಿತ್ತು ಎಂದು ಕೇಳಿದರೆ ನೋಡಿದವರು ಯಾರೂ ಹೇಳಲಾರರು.

ಇಷ್ಟೆಲ್ಲ ಯೋಚನೆ ತಲೆಯಲ್ಲಿದ್ದಾಗಲೇ ಕ್ಷೇತ್ರಕಾರ್ಯಕ್ಕೆಂದು ಕುರುಗೋಡಿಗೆ ಹೋದೆ. ಬಳ್ಳಾರಿಯಿಂದ 30 ಕಿಲೋಮೀಟರಿನ ಆಸುಪಾಸು. ಊರ ಹಿಂದೆ ಬಂಡೆಗುಡ್ಡ, ಹಳೆಯ ಗುಡಿಗಳು, ಒಂದೇ ಕಲ್ಲಿನ ದೊಡ್ಡಬಸಪ್ಪ. ಹೊರಗಿನವರಿಗೆ ಅದರ ಗಾತ್ರವೇ ದೊಡ್ಡ ಸುದ್ದಿ. ಊರಿನವರು ಗಾತ್ರದ ಬಗ್ಗೆ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಹರಕೆ, ಮಳೆ, ತೇರು, ಯಾರ ಮನೆಯ ಸೇವೆ ತಪ್ಪಿತು, ಆಮೇಲೆ ಏನಾಯಿತು, ಇವೇ ಮಾತು.

ಈ ಕುರುಗೋಡು ಹನ್ನೆರಡನೇ ಶತಮಾನದಲ್ಲಿ ಸಿಂದ ಅರಸರ ನೆಲೆ. ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿ ಬಳ್ಳಕುಂದೆ ನಾಡನ್ನು ಆಳಿದವರು. ಸಿಂದರು ತಮ್ಮನ್ನು ನಾಗವಂಶದವರು ಎಂದು ಕರೆದುಕೊಂಡರು. ಈ ಮನೆತನದ ಬೇರೆ ಕವಲಿಗೆ ಸೇರಿದ, ಬಾಗಲಕೋಟೆ ಸೀಮೆಯ ಭೈರನಮಟ್ಟಿಯ ಶಾಸನದಲ್ಲಿ ಅವರ ಮೂಲದ ಕಥೆ ಇದೆ. ಪಾತಾಳದ ನಾಗರಾಜ ಧರಣೇಂದ್ರನಿಗೆ ಭೂಲೋಕ ನೋಡುವ ಆಸೆಯಾಗುತ್ತದೆ. ಹೆಂಡತಿಯೊಡನೆ ಮೇಲೆ ಬರುತ್ತಾನೆ. ಸಿಂಧೂ ನದಿಯ ಸೀಮೆಯ ಅಹಿಚ್ಛತ್ರದಲ್ಲಿ ಮಗ ಹುಟ್ಟುತ್ತಾನೆ. ನೀಳತೋಳಿನ ಆ ಹುಡುಗ ಸಿಂದ, ಹುಲಿಯ ಹಾಲು ಕುಡಿದು ಬೆಳೆಯುತ್ತಾನೆ.

ಗುಡಿಯ ಕಟ್ಟೆಯ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಇದನ್ನು ಮತ್ತೆ ಬರೆದುಕೊಂಡೆ. ಹಾವಿನ ಮಗ, ಹುಲಿಯ ಹಾಲು, ಮನುಷ್ಯರ ರಾಜ್ಯ. ಅವನಿಗೆ ತಾನು ಯಾರೆಂದು ಯಾವಾಗ ತಿಳಿದಿರಬೇಕು? ನಾಗನ ಮಗನಿಗೆ ಹೆಣ್ಣು ಕೊಡುವಾಗ ಬೀಗರು ಏನು ಕೇಳಿರಬೇಕು? ಹೊಲದಲ್ಲಿ ಹಾವು ಹೊಡೆದ ರೈತನೊಬ್ಬ ನ್ಯಾಯಕ್ಕಾಗಿ ನಾಗವಂಶದ ಅರಸನ ಮುಂದೆ ನಿಂತರೆ ಅರಸ ಏನು ಹೇಳಬೇಕು? ಈ ಕೊನೆಯ ಪ್ರಶ್ನೆ ನನ್ನದು, ಶಾಸನದ್ದಲ್ಲ. ಆದರೆ ಸಿನಿಮಾ ಮಾಡುವವರಿಗೆ ಇಂಥ ಪ್ರಶ್ನೆಯೊಂದು ಸಾಕಲ್ಲವೇ? ದೇವತೆಗಳ ಕಲಶವನ್ನು ಸ್ಪರ್ಧೆಯ ವೇದಿಕೆಯ ಮೇಲೆ ಇಡುವ ಬದಲು ಹಾವು ಹೊಡೆದ ಆ ರೈತನನ್ನು ನಿಲ್ಲಿಸಬಹುದಿತ್ತು. 2022ರ 'ಕಾಂತಾರ'ದ ಬಗ್ಗೆ ನನಗೆ ತಕರಾರುಗಳು ಬಹಳ ಇವೆ, ಅದರ ಹೆಣ್ಣು ಪಾತ್ರದಿಂದ ಹಿಡಿದು. ಆದರೂ ಆ ಸಿನಿಮಾ ಹಿಡಿದ ಒಂದು ಎಳೆ ಸರಿಯಾಗಿತ್ತು. ಅರಸ ನೆಲ ಕೊಡುತ್ತಾನೆ, ದೈವ ನೆಮ್ಮದಿ ಕೊಡುತ್ತದೆ, ಕೊಟ್ಟ ಮಾತಿಗೆ ತಪ್ಪಿದರೆ ಉಳಿಗಾಲವಿಲ್ಲ. ಆ ಕೂಗಿಗೆ ದೇಶವೆಲ್ಲ ಬೆಚ್ಚಿತು. ತುಳು ಬಾರದವರೂ ಬೆಚ್ಚಿದರು.

ಕುರುಗೋಡಿನಿಂದ ಬಂದ ಮೇಲೆ ನಿಂತಿದ್ದ ಅಧ್ಯಾಯ ಸ್ವಲ್ಪ ಚಲಿಸಿದೆ. ಕಲ್ಲಿನ ನಾಗರಕ್ಕೊಂದು ನಡತೆ, ದಿಟದ ನಾಗರಕ್ಕೊಂದು ನಡತೆ ಎಂದು ಬಸವಣ್ಣನವರು ನಮ್ಮನ್ನು ಛೇಡಿಸಿದ್ದು ಎಲ್ಲರಿಗೂ ಗೊತ್ತು. ಮೂರನೆಯದಾದ ಗ್ರಾಫಿಕ್ಸ್ ನಾಗರಕ್ಕೆ ನಾವು ತೋರಿಸುವ ನಡತೆ ಯಾವುದು ಎಂದು ಒಂದು ಅಡಿಟಿಪ್ಪಣಿ ಬರೆದೆ. ಸಿನಿಮಾ ನಿನ್ನ ವಿಷಯದ ಹೊರಗಿನದು ಎಂದು ಗೈಡ್ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಹಾಗಾಗಿ ಅದು ಇಲ್ಲಿಗೆ ಬಂತು.

ಹಬ್ಬಕ್ಕೆ ಊರಿಗೆ ಹೋದಾಗ ಟಿವಿಯಲ್ಲಿ ಆ ಸಿನಿಮಾ ಬರುತ್ತಿತ್ತು. ಅಣ್ಣನ ಮಗ ಬಾಯಿ ತೆರೆದು ನೋಡುತ್ತಿದ್ದ. ಅಪ್ಪನೂ ಮಂಚದ ಮೇಲೆ ಕೂತು ಇಂಟರ್ವಲ್ಲಿನ ತನಕ ನೋಡಿದ, ರಮ್ಯಾ ಹಾವಾದಾಗ ನಕ್ಕ. ವಿಷ್ಣು ಬರುವ ಭಾಗ ಹತ್ತಿರವಾದಾಗ ಎದ್ದ. "ಅಜ್ಜಾ, ಈಗ ಬರ್ತಾರ ನೋಡು" ಎಂದು ಹುಡುಗ ಅಂಗಿ ಹಿಡಿದು ಎಳೆದ. "ನೀ ನೋಡಪ್ಪ" ಎಂದು ಅಪ್ಪ ಬಕೆಟು ತೆಗೆದುಕೊಂಡು ಎಮ್ಮೆಗೆ ನೀರು ಕುಡಿಸಲು ಹೋದ.